ಅಂಗೈ ಮೆಚ್ಚಿದ ಹಾಸಿಗೆ

ಹಾಸಿಗೆ ಅಂಗಡಿಯೊಂದರಲ್ಲಿ ತೆಳುವಾದ ಮೇಲ್ಹಾಸೊಂದು ಉಸಿರು ಬಿಗಿಹಿಡಿದು ಕೂತಿತ್ತು. ಗಿರಾಕಿ ಯಾವ ಹಾಸಿಗೆಯನ್ನು ಆರಿಸಿದರೂ ಅದರ ಮೇಲೆಯೇ ತನ್ನ ಬಾಳು ಸವೆಯಬೇಕಲ್ಲ!

"ನನ್ನನ್ನೇ ಒಯ್ಯುತ್ತಾರೆ, ನೋಡುತ್ತಿರು," ಎಂದಿತು ಫೋಮ್ ಹಾಸಿಗೆ. "ಮುಟ್ಟಿದವರಿಗೆಲ್ಲ ನಾನು ಬಗ್ಗುತ್ತೇನೆ."

"ನನಗೆ ಅಷ್ಟು ಬಗ್ಗಲು ಬಾರದು," ಎಂದಿತು ತೆಂಗಿನ ನಾರಿನ ಹಾಸಿಗೆ. "ಹತ್ತು ವರ್ಷವಾದರೂ ಹೊರುತ್ತೇನೆ, ಅಷ್ಟೇ."

ಸೊಂಟ ಹಿಡಿದುಕೊಂಡು ನೀಲಗಂಗವ್ವ ಒಳಗೆ ಬಂದಳು. ಮೂವತ್ತು ವರ್ಷ ರೊಟ್ಟಿ ತಟ್ಟಿದವಳು. ಹಿಟ್ಟಿನ ಹದ ಹೇಳುವ ಅಂಗೈಯನ್ನೇ ನಂಬಿ ಎರಡೂ ಹಾಸಿಗೆಗಳನ್ನು ಒತ್ತಿದಳು. ನಾರಿನದು ಗಟ್ಟಿಯಾಗಿತ್ತು. ಫೋಮಿನದು ಮೆತ್ತಗೆ ಒಳಗಿಳಿಯಿತು.

"ಹದ ಬಂದೈತಿ. ಇದನ್ನ ಕಟ್ರಿ," ಎಂದಳು.

"ಅವ್ವಾ, ನೋಯುತ್ತಿರುವುದು ಸೊಂಟ. ಕೈಯನ್ನೇಕೆ ಕೇಳುತ್ತೀ?" ಎಂದು ಮೇಲ್ಹಾಸು ಕೂಗಿಯೇಬಿಟ್ಟಿತು.

ನೀಲಗಂಗವ್ವ ಬೆಚ್ಚಿದಳು. ಹೌದಲ್ಲ ಎಂದುಕೊಂಡು ಫೋಮಿನ ಮೇಲೆ ಉದ್ದಕ್ಕೆ ಮಲಗಿದಳು. ಸೊಂಟ ಗುಳಿಯೊಳಗೆ ಕುಸಿಯಿತು. ಏಳಲು ಹೊರಳಿದಳು, ಆಗಲಿಲ್ಲ. ಮತ್ತೆ ಹೊರಳಿದಳು, ಸೊಂಟ ಚಳಕ್ಕೆಂದಿತು.

"ಯಪ್ಪಾ, ಯಾರರ ಕೈ ಕೊಡ್ರೀ!"

ಅಂಗಡಿಯವನು ಓಡಿಬಂದು ಎಳೆದು ಎಬ್ಬಿಸಿದ. ಆಮೇಲೆ ಅವಳು ನಾರಿನ ಹಾಸಿಗೆಗೆ ಮೇಲ್ಹಾಸು ಹಾಕಿಸಿ ಮಲಗಿದಳು, ತಾನಾಗಿಯೇ ಎದ್ದಳು. "ಇವೆರಡೂ ಕಟ್ರಿ," ಎಂದಳು.

"ನಾನೆಷ್ಟು ಬಗ್ಗಿದೆ!" ಎಂದು ಫೋಮ್ ಹಾಸಿಗೆ ಗೊಣಗಿತು.

"ಬಗ್ಗಿದ್ದು ನಿಜ, ಅಣ್ಣಾ," ಎಂದಿತು ಮೇಲ್ಹಾಸು. "ಏಳುವ ಹೊತ್ತಿಗೆ ಕೈ ಕೊಟ್ಟೆ."