ಚಿಗುರನ ಬಾಯಾರಿಕೆ

ಒಂದು ಕಾಡಿನಲ್ಲಿ ವೈದ್ಯನಾಗಲು ಗಂಭೀರವಾಗಿ ಮೂಸಲು ಬಂದರೆ ಸಾಕಿತ್ತು. ಬೂದಯ್ಯನೆಂಬ ನರಿಗೆ ಅದು ಚೆನ್ನಾಗಿ ಬರುತ್ತಿತ್ತು.

ಬಿರುಬೇಸಿಗೆಯಲ್ಲಿ ಕೆಂಚಿ ಎಂಬ ಕಾಡುನಾಯಿ ತನ್ನ ಮರಿ ಚಿಗುರನನ್ನು ಅವನ ಬಳಿಗೆ ತಂದಳು. ಚಿಗುರ ಬಡಕಲು. ಸದಾ ನೀರು ಕುಡಿಯುತ್ತಿದ್ದ, ಸದಾ ಉಚ್ಚೆ ಹೊಯ್ಯುತ್ತಿದ್ದ. ಅವನ ಮೂತ್ರಪಿಂಡಗಳು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರಲಿಲ್ಲ. ಬೂದಯ್ಯನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ.

ಅವನು ಮರಿ ಒದ್ದೆ ಮಾಡಿದ ನೆಲ ಮೂಸಿದ. "ಆಹಾ, ವಾಸನೆಯೇ ಇಲ್ಲ! ಒಳಗೆಲ್ಲ ಶುದ್ಧ. ಇದು ಬರೀ ನೀರಿನ ಚಟ ಕಣಮ್ಮ. ಕುಡಿಯಲು ಬಿಡಬೇಡ. ಜಿಂಕೆಯ ತೊಡೆಯೊಂದನ್ನು ಹುತ್ತದ ಬಳಿ ಇಡು, ವನದೇವತೆಗೆ. ನನಗೇನೂ ಬೇಡ. ನಾನು ಬೋರೆಹಣ್ಣು ತಿಂದು ಬದುಕುವವನು."

"ನೀರಿಲ್ಲದೆ ಹೇಗೆ ಸ್ವಾಮಿ?"

"ವೈದ್ಯ ನಾನೋ, ನೀನೋ?"

ಹಿಂಡಿನ ಹಿರಿಯ ದುಗ್ಗ ತೊರೆಯ ದಾರಿಗೆ ಅಡ್ಡ ಕುಳಿತ. "ವೈದ್ಯರಿಗೆ ಎದುರಾಡಬೇಡ ಕೆಂಚಿ."

ಕೆಂಚಿ ತೊಡೆ ಇಟ್ಟು ಬಂದಳು. ಮರುದಿನ ಚಿಗುರ ಒಣಕಲ್ಲು ನೆಕ್ಕುತ್ತಿದ್ದ. "ಅವ್ವಾ, ಒಂದೇ ಗುಟುಕು." ಅವಳು ಮುಖ ತಿರುಗಿಸಿದಳು. ಬಿಸಿಲೇರಿದಾಗ ಅವನು ವಾಂತಿ ಮಾಡಿಕೊಂಡು ಬಿದ್ದ. ಏಳಲಿಲ್ಲ.

ಕೆಂಚಿ ಅವನ ಮೂತಿ ನೆಕ್ಕಲು ಬಗ್ಗಿದಳು. ಬಾಯಿಂದ ಉಚ್ಚೆಯ ನಾತ ಹೊಡೆಯಿತು. ಅವಳು ಗಕ್ಕನೆ ನಿಂತಳು. ಉಚ್ಚೆಯಲ್ಲಿ ಇರಬೇಕಾದ ವಾಸನೆ ಬಾಯಲ್ಲಿತ್ತು. ಹೊರಗೆ ಹೋಗಬೇಕಾದ ಕೊಳೆ ಒಳಗೇ ಉಳಿದಿತ್ತು. ಶುದ್ಧವಂತೆ!

ಮರಿಯನ್ನು ಕಚ್ಚಿಕೊಂಡು ಅವಳು ತೊರೆಯತ್ತ ನುಗ್ಗಿದಳು. ದುಗ್ಗ ಹಲ್ಲು ತೋರಿಸಿದ. ಬೂದಯ್ಯ ಓಡಿಬಂದ. "ದೇವತೆ ಮುನಿಯುತ್ತಾಳೆ!"

ಕೆಂಚಿ ಮರಿಯನ್ನು ಇಳಿಸಿ ಅವನತ್ತ ಗುರ್ರೆಂದಳು. ಬೂದಯ್ಯನ ಕಾಲಡಿ ಒದ್ದೆಯಾಯಿತು.

"ದುಗ್ಗಣ್ಣ, ಈಗ ಅದನ್ನು ಮೂಸು."

ದುಗ್ಗ ಮೂಸಿದ. ಮತ್ತೊಮ್ಮೆ ಮೂಸಿದ. "ಬೋರೆಹಣ್ಣಿನ ವಾಸನೆಯಲ್ಲ ಇದು. ಜಿಂಕೆ. ನಮ್ಮ ಜಿಂಕೆ."

ಅವನು ದಾರಿ ಬಿಟ್ಟ. ಚಿಗುರನ ಮೂತಿ ನೀರಿಗೆ ತಾಗಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಾಲಿಗೆ ಆಡಿತು.

ಹಿಂಡು ಬೂದಯ್ಯನನ್ನು ಬಂಡೆಬಯಲಿನಾಚೆಗೆ ಅಟ್ಟಿತು. ಅವನು ಹೊಂಡ ಕಂಡಲ್ಲೆಲ್ಲ ನಿಲ್ಲಲು ನೋಡಿದ. "ನೀರಿನ ಚಟವೇ ಸ್ವಾಮಿ?" ಎನ್ನುತ್ತ ದುಗ್ಗ ಹಿಂದಿನಿಂದ ಕಚ್ಚುತ್ತಿದ್ದ.

ಚಿಗುರನ ಕಾಯಿಲೆ ವಾಸಿಯಾಗಲಿಲ್ಲ, ಅಂಥದ್ದು ವಾಸಿಯಾಗುವುದಿಲ್ಲ. ಕೆಂಚಿ ತೊರೆಯ ದಡದಲ್ಲೇ ಹೊಸ ಬಿಲ ತೋಡಿದಳು. ಅವನು ಬೇಕೆಂದಾಗಲೆಲ್ಲ ಕುಡಿಯುತ್ತಿದ್ದ. ಯಾರೂ ತಡೆಯಲಿಲ್ಲ.

ನೀತಿ: ತಿಳಿಯದ್ದನ್ನು ತಿಳಿದಂತೆ ನಟಿಸುವವನ ಮದ್ದು ಕಾಯಿಲೆಗಿಂತ ಬೇಗ ಕೊಲ್ಲುತ್ತದೆ.