ಕವೆಗೋಲು ಕಾಣದ ದಿನ

ಶಿಷ್ಯ ಕೇಳಿದ: “ಗುರುಗಳೇ, ಪಕ್ಕದೂರಿನಲ್ಲಿ ಒಬ್ಬ ಡ್ರೈವರಿಗೆ ಹಾರ ಹಾಕಿದ್ದಾರೆ. ಅಡ್ಡ ಬಂದ ಹೆಂಗಸಿಗೂ ಅವನ ಬಸ್ಸಿಗೂ ಒಂದು ಗೇಣು ಇತ್ತಂತೆ. ಅಷ್ಟರಲ್ಲಿ ಬ್ರೇಕ್ ಹೊಡೆದು ನಿಲ್ಲಿಸಿದನಂತೆ! ಅವನಿಗಿಂತ ದೊಡ್ಡ ಡ್ರೈವರ್ ಇದ್ದಾನೆಯೇ?”

ಗುರುಗಳು ಬಸ್ ಓಡಿಸುವುದನ್ನು ಕಲಿಸುವವರು. ಅವರ ಪೀಠ ಒಂದು ಸವೆದ ಟೈರು. ಶಿಷ್ಯ ಮರುದಿನ ಮೊದಲ ಸಲ ಜನರನ್ನು ಕೂರಿಸಿಕೊಂಡು ಬಸ್ ಹೊರಡಿಸಬೇಕಿತ್ತು. ಗುರುಗಳು ಟೈರಿನ ಮೇಲೆ ಸರಿಯಾಗಿ ಕೂತು ಹೇಳಿದರು.

ಒಬ್ಬ ಡ್ರೈವರ್ ಇದ್ದ. ಅವನ ದಾರಿಯಲ್ಲಿ ಒಬ್ಬ ಮುದುಕಿ ಸುಗ್ಗಿ ಬಂತೆಂದರೆ ಹುರುಳಿ ಗಿಡ ಕಿತ್ತು ತಂದು ಟಾರು ರಸ್ತೆಯ ಮೇಲೆ ಹರಡುತ್ತಿದ್ದಳು. ಬಂದ ಬಸ್ಸು, ಹೋದ ಲಾರಿ ಎಲ್ಲವೂ ಅವಳ ಪಾಲಿಗೆ ಎತ್ತುಗಳೇ. ಅವು ತುಳಿದರೆ ಕಾಳು ಉದುರುತ್ತಿತ್ತು. ಮುದುಕಿಗೆ ಕಿವಿ ಕೇಳುತ್ತಿರಲಿಲ್ಲ. ಎಂಥ ಹಾರ್ನ್ ಹೊಡೆದರೂ ದಂಡ.

ಡ್ರೈವರ್ ಒಂದು ವಿಷಯ ಕಂಡುಕೊಂಡಿದ್ದ. ಗಿಡ ತಿರುವಿ ಹಾಕುವ ಕವೆಗೋಲು ಬೇವಿನ ಮರಕ್ಕೆ ಒರಗಿದ್ದರೆ ಮುದುಕಿ ಉಣ್ಣಲು ಹೋಗಿದ್ದಾಳೆ. ಕೋಲು ಅವಳ ಕೈಯಲ್ಲಿದ್ದರೆ ಅವಳೂ ಕಾಣುತ್ತಾಳೆ. ಇಷ್ಟನ್ನು ದೂರದಿಂದಲೇ ನೋಡಿಕೊಂಡು ಅವನು ನಿಧಾನವಾಗಿ ಹುರುಳಿ ತುಳಿಸಿಕೊಂಡು ಹೋಗುತ್ತಿದ್ದ.

ಒಂದು ದಿನ ಮರದ ಬಳಿ ಕೋಲಿರಲಿಲ್ಲ. ಮುದುಕಿಯೂ ಕಾಣಲಿಲ್ಲ. ಅರ್ಧ ರಸ್ತೆಯಲ್ಲಿ ಒಕ್ಕಿದ ಗಿಡದ ಗುಡ್ಡೆ, ಇನ್ನರ್ಧದಲ್ಲಿ ಹರಡಿದ ಹುರುಳಿ. ಡ್ರೈವರ್ ಹುರುಳಿ ಇನ್ನೂ ಮಾರು ದೂರ ಇರುವಾಗಲೇ ಬಸ್ ನಿಲ್ಲಿಸಿಬಿಟ್ಟ.

ಕಂಡಕ್ಟರ್ ಮುಂದೆ ಬಂದು ಬಗ್ಗಿ ನೋಡಿದ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. “ಏನಣ್ಣ, ಹುರುಳಿ ಬಸ್ ಹತ್ತುತ್ತಾ? ಅದಕ್ಕೂ ಒಂದು ಟಿಕೆಟ್ ಹರೀಲಾ?” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

“ಗಿಡದ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತೆ ಕಣಯ್ಯ, ಬಸ್ಸು ನಿಲ್ಲಲ್ಲ, ಜಾರುತ್ತೆ. ನಿಲ್ಲೋದಾದರೆ ಇಲ್ಲೇ ನಿಲ್ಲಬೇಕು. ಕೋಲು ಎಲ್ಲಿದೆ ಹೇಳು, ಹೊರಡ್ತೀನಿ” ಎಂದ ಡ್ರೈವರ್.

ಆ ಮಾತು ಮುಗಿಯುವಷ್ಟರಲ್ಲಿ ಗುಡ್ಡೆಯ ಹಿಂದಿನಿಂದ ಕೋಲು ಬಂತು. ಕೋಲಿನ ಹಿಂದೆ ಮುದುಕಿ. ಬಗ್ಗಿಕೊಂಡು, ಗಿಡ ಎಳೆಯುತ್ತ, ಬಸ್ಸಿಗೆ ಬೆನ್ನು ಹಾಕಿ, ಹಿಂದಕ್ಕೆ ಹೆಜ್ಜೆ ಇಡುತ್ತ ನಡುರಸ್ತೆಗೆ ಬಂದಳು. ನಿಲ್ಲದೆ ಹೋಗಿದ್ದರೆ ಬಸ್ಸಿನ ಚಕ್ರ ಆ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿತ್ತು. ಕಂಡಕ್ಟರನ ನಗು ಬಾಯಲ್ಲೇ ಉಳಿಯಿತು.

ಮುದುಕಿ ತಿರುಗಿದಳು. ನಿಂತ ಬಸ್ಸು ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು. “ಯಾಕೋ ನಿಲ್ಸಿದೀಯ? ನಿಂತು ನೋಡೋಕೆ ಇದೇನು ಮದುವೆ ಚಪ್ಪರವೇನೋ? ತುಳೀಲಿ ಅಂತ ತಾನೆ ಹರಡಿರೋದು! ನಿನ್ನಂಥ ಸೋಮಾರಿಯಿಂದ ನನ್ನ ಹುರುಳಿ ಒಂದು ಕಾಳೂ ಉದುರಲ್ಲ!”

ಡ್ರೈವರ್ ಕೈಮುಗಿದ. ಅವಳು ಗೊಣಗುತ್ತ ಮರದ ಬುಡಕ್ಕೆ ಸರಿಯುವವರೆಗೂ ಕಾದ. ಆಮೇಲೆ ಹುರುಳಿಯನ್ನು ಚೆನ್ನಾಗಿ ತುಳಿಸಿಕೊಂಡು ಹೊರಟುಹೋದ.

ಗುರುಗಳ ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಷ್ಟೇನಾ? ಅವನಿಗೆ ಯಾರೂ ಹಾರ ಹಾಕಲಿಲ್ಲವೇ? ಆ ಮುದುಕಿಯಾದರೂ?”

“ಮುದುಕಿ ಈಗಲೂ ಸುಗ್ಗಿ ಸುಗ್ಗಿಗೂ ಅವನನ್ನು ಬೈಯುತ್ತಾಳೆ” ಎಂದರು ಗುರುಗಳು. “ಬೈಯುವುದಕ್ಕೆ ಇದ್ದಾಳಲ್ಲ!”