ತವರಿಲ್ಲದವಳ ದೋಣಿಬಾಯಿ

ಕಾಲು ಚಾಚಿ ಮಲಕ್ಕೊ ಪುಟ್ಟಿ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಂಬಾಳಮ್ಮ ಅಂತ ಒಬ್ಬಳು ತಬ್ಬಲಿ ಇದ್ದಳಂತೆ. ಮೂವರು ಗಂಡುಮಕ್ಕಳಿರೋ ಮನೆಗೆ ಕಿರಿಸೊಸೆಯಾಗಿ ಬಂದಳಂತೆ. ಆ ಊರಲ್ಲಿ ಒಂದು ಪದ್ಧತಿ. ಮಳೆನೀರು ಹರಿಯೋಕೆ ಸೂರಿಗೆ ಸೊಸೆಗೊಂದರಂತೆ ತಾಮ್ರದ ದೋಣಿ ಕಟ್ಟಿರ್ತಾರಲ್ಲ, ಆ ದೋಣಿಯ ಬಾಯಿಗೆ ಸೊಸೆಯ ತವರಿನವರು ಸಿಂಗಾರ ಮಾಡಿಸಿ ಕೊಡಬೇಕು. ಹಿರಿಸೊಸೆಯ ದೋಣಿಗೆ ಹಸುವಿನ ಮುಖ, ನಡುವಿನವಳದಕ್ಕೆ ನವಿಲು. ಹೊಂಬಾಳಮ್ಮನ ದೋಣಿ ಮಾತ್ರ ಬೋಳು.

ಬೀದಿಯವರು ಆಡಿಕೊಳ್ತಾರೆ, ಮೊದಲ ಮಳೆಯೊಳಗೆ ಅದಕ್ಕೊಂದು ಸಿಂಗಾರ ಆಗಬೇಕು, ಇಲ್ಲದಿದ್ರೆ ನಿನ್ನ ದಾರಿ ನಿನಗೆ ಅಂದುಬಿಟ್ಟಳಂತೆ ಅತ್ತೆ. ಯಾವ ದಾರಿ, ಎಲ್ಲಿಗೆ? ಗಂಡನೋ ಅಣ್ಣಂದಿರ ಜೊತೆ ಗಾಡಿ ಹೂಡಿಕೊಂಡು ದೂರದ ಊರಿಗೆ ಹೋದವನು ಬಂದಿಲ್ಲ.

ಆಮೇಲೆ ಅವಳು ಕೆಮ್ಮಣ್ಣು ಕಲಸಿ, ಸುಣ್ಣ ಕಲಸಿ, ದೋಣಿಬಾಯಿ ತುಂಬ ಹೂಬಳ್ಳಿ ಬರೆದಳಂತೆ. ತಗ್ಗು ಸೂರು, ಅತ್ತೆ ಬಂದು ಕೈಯೆತ್ತಿ ಸವರಿ, ಎಲ್ಲೇ ಸಿಂಗಾರ, ಬೋಳು ಹಾಗೇ ಇದೆಯಲ್ಲ ಅಂದಳಂತೆ. ಓರಗಿತ್ತಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರಂತೆ.

ಆಮೇಲೆ ದೋಣಿಬಾಯಿ ಬಿಚ್ಚಿಸಿಕೊಂಡು ಕಲಾಯಿ ಹಾಕೋ ಸಾಬರ ಹತ್ತಿರ ಹೋದಳಂತೆ. ತಗಡು ತೆಳುವಾಗಿದೆಯಮ್ಮ, ಬಡಿದು ಹೂವು ಎಬ್ಬಿಸಿದ್ರೆ ಹರಿದುಹೋಗುತ್ತೆ, ಬೇಕಾದ್ರೆ ಕಲಾಯಿ ಹಾಕಿಕೊಡ್ತೀನಿ ಅಂದರಂತೆ ಅವರು. ದುಡ್ಡಿನ ಬದಲು ಸಂಜೆ ತನಕ ಅವರ ಕುಲುಮೆಯ ತಿದಿ ಒತ್ತಿ, ಬೆಳ್ಳಿ ಹಾಗೆ ಹೊಳೆಯೋ ದೋಣಿಬಾಯಿ ತಂದು ಕಟ್ಟಿಸಿದಳಂತೆ. ಅತ್ತೆ ಮತ್ತೆ ಸವರಿದಳು. ಮೊದಲಿಗಿಂತ ನುಣ್ಣಗಾಗಿದೆ, ನನ್ನ ಹತ್ತಿರ ತಮಾಷೆ ಮಾಡ್ತೀಯೇನೇ ಅಂತ ರೇಗಿದಳಂತೆ.

ಅವತ್ತು ಹೊಂಬಾಳಮ್ಮ ಅಳಲೂ ಇಲ್ಲವಂತೆ. ಅಳೋಕೂ ಒಂದು ಮಡಿಲು ಬೇಕಲ್ಲ ಮಗಾ. ಕಣ್ಣೆದುರಿಗಿರೋದನ್ನೂ ಇಲ್ಲ ಅನ್ನೋವಷ್ಟು ದ್ವೇಷವಾ ನನ್ನ ಮೇಲೆ ಅಂತ ಗೋಡೆಗೆ ತಲೆಯಿಟ್ಟು ಕೂತಳಂತೆ.

ಆಮೇಲೆ ಮೋಡ ಕಟ್ಟಿತಂತೆ. ಇನ್ನು ಆಗಲ್ಲ ಅಂತ ಅವಳು ಬಟ್ಟೆ ಗಂಟು ಕಟ್ಟಿದಳು. ಗಂಟಿನ ತಳದಲ್ಲಿ ಸತ್ತ ಅಮ್ಮನ ಗೆಜ್ಜೆ. ತವರು ಅಂತ ಅವಳಿಗಿದ್ದದ್ದು ಅದೊಂದೇ. ಹೋಗೋದಂತೂ ಹೋಗ್ತೀನಿ, ಈ ಮನೆಗೆ ನನ್ನ ತವರಿಂದ ಏನೂ ಬರಲಿಲ್ಲ ಅನ್ನೋ ಮಾತು ಬೇಡ ಅಂತ ಆ ಗೆಜ್ಜೆಯನ್ನ ದೋಣಿಬಾಯಿಗೆ ಕಟ್ಟಿ, ಹೊಸ್ತಿಲಿಗೆ ಕೈಮುಗಿದು ಹೊರಟಳಂತೆ.

ಬೀದಿ ಕೊನೆ ಮುಟ್ಟಿರಲಿಲ್ಲ, ಸುರೀತು ನೋಡು ಮಳೆ! ಹಿಂದಿನಿಂದ ಝಲ್ ಝಲ್ ಅಂತ ಗೆಜ್ಜೆ ಸದ್ದು. ತಿರುಗಿದರೆ ಅತ್ತೆ ಗೋಡೆ ತಡವರಿಸಿಕೊಂಡು ಬಂದು ಆ ದೋಣಿ ಕೆಳಗೆ ನೆನೀತಾ ನಿಂತಿದ್ದಾಳೆ. ಹೊಂಬಾಳಮ್ಮ ಓಡಿಬಂದು ಎದುರಿಗೇ ನಿಂತರೂ, ಹೊಂಬಾಳೀ, ಎಲ್ಲಿದ್ದೀಯೇ ಅಂತ ಗಾಳಿಯಲ್ಲಿ ಕೈಯಾಡಿಸ್ತಾಳಂತೆ.

ಆಗ ತಿಳೀತಂತೆ, ಅತ್ತೆಗೆ ಕಣ್ಣು ಕಾಣಲ್ಲ. ಎಂದೋ ಪೊರೆ ಮುಚ್ಚಿಹೋಗಿತ್ತಂತೆ. ಗೊತ್ತಾದ್ರೆ ಸೊಸೆಯರು ಮೂಲೆಗೆ ಕೂರಿಸ್ತಾರೆ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲವಂತೆ.

ಆ ಹಸು, ಆ ನವಿಲು, ನಾನೇ ಹೋಗಿ ಮುಟ್ಟಿದ್ರೆ ಉಂಟು, ಇಲ್ಲದಿದ್ರೆ ಇಲ್ಲ ಕಣೇ. ನಿನ್ನದು ನಾನಿದ್ದಲ್ಲಿಗೇ ಹುಡುಕಿಕೊಂಡು ಬಂತಲ್ಲೇ ಅಂತ ಅತ್ತೆ ಬಿಕ್ಕಿ ಬಿಕ್ಕಿ ಅತ್ತಳಂತೆ. ಗೋಡೆ ಬಿಡಿ ಅತ್ತೆ, ನನ್ನ ಕೈ ಹಿಡ್ಕೊಳ್ಳಿ ಅಂತ ಹೊಂಬಾಳಮ್ಮ ಒಳಗೆ ಕರಕೊಂಡು ಹೋದಳಂತೆ.

ಆಮೇಲೆ ಗಂಡನೂ ಬಂದ, ಎಲ್ಲರೂ ಸುಖವಾಗಿದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು. ನೀನು ಕಣ್ಣು ಮುಚ್ಚಿದೆಯೋ ಇಲ್ಲವೋ? ಇತ್ತ ಬಾ, ಮುಖ ಕೊಡು, ಸವರಿ ನೋಡ್ತೀನಿ.